ಫೂಟ್ ಖರಾಬು

ಆ ಬಂಡೆಯನ್ನು ಅಳೆದವನು ನಾನೇ.
ಗುಳೇದಗುಡ್ಡದಾಚೆ, ಕೋಟೇಕಲ್ಲಿನ ದಾರಿಗೆ ಎಡಕ್ಕೆ,
ಏಪ್ರಿಲ್ ತಿಂಗಳ ಹನ್ನೆರಡರ ಬಿಸಿಲು,
ಸರಪಳಿ ಮುಟ್ಟಿದರೆ ಬೊಬ್ಬೆ.
ಉತಾರದಲ್ಲಿ ಬರೆದೆ: ಹದಿನಾಲ್ಕು ಗುಂಟೆ,
ಫೂಟ್ ಖರಾಬು.
ಬೆಳೆ ಎಂಬ ಕಾಲಂನಲ್ಲಿ ಒಂದು ಅಡ್ಡಗೀಟು.
ಗೀಟು ಎಳೆಯಲು ಎಷ್ಟು ಹೊತ್ತು ಬೇಕು?
ನೀರು ಕುಡಿದು ಬಾಟಲಿಗೆ ಮುಚ್ಚಳ ತಿರುವುವಷ್ಟು.

ಆ ಗೀಟಿನ ಮೇಲೆ ಕ್ವಾರಿಯವರ ಅರ್ಜಿ ಬಂತು.
ಕೆಂಪು ಕಲ್ಲು, ಹಪ್ಪಳದ ಹಾಗೆ ಪದರ ಪದರ ಏಳುತ್ತದೆ.
ಸ್ಥಳ ತನಿಖೆಗೆ ಮತ್ತೆ ನಾನೇ ಹೋದೆ,
ಹುಬ್ಬಿ ಮಳೆ ಕಳೆದ ಹನ್ನೊಂದನೆಯ ದಿನ.

ಬಂಡೆಯ ಮೇಲೆ ಒಬ್ಬರು ಬೋರಲು ಮಲಗಿದ್ದರು,
ಕೈಯಲ್ಲಿ ಭೂತಗನ್ನಡಿ,
ಪಕ್ಕದಲ್ಲಿ ಸೈಕಲ್ ಕಡ್ಡಿ ಬಗ್ಗಿಸಿ ಮಾಡಿದ ಚೌಕ.
ಮೆಹರೂನ್ ಬಾಗವಾನ, ಇಳಕಲ್ಲಿನವರು, ಕಾಲೇಜು ಮೇಡಂ.
ತಲೆ ಎತ್ತದೆ ಅಂದರು:
'ಕಾಲು ಎತ್ತರಿ ಸಾಹೇಬ್ರ,
ನೂರಾ ಆರನೇದರ ಮ್ಯಾಲೆ ನಿಂತೀರಿ.'

ಎತ್ತಿದೆ. ಏನೂ ಕಾಣಲಿಲ್ಲ.
ಕುಕ್ಕರುಗಾಲಲ್ಲಿ ಕೂತೆ. ಇಲ್ಲ.
ಅವರಂತೆಯೇ ಮಲಗಿ
ಅಂಗಿಯ ಗುಂಡಿ ಕಲ್ಲಿಗೆ ಕಟ್ ಎಂದಾಗ
ಕಂಡಿತು:
ಬೆಂಕಿಕಡ್ಡಿಯ ತಲೆಯಷ್ಟು,
ನೇರಳೆಯಾಗಲು ಮನಸ್ಸಾಗದ ನೀಲಿ,
ಗಂಟಲಲ್ಲಿ ಎರಡು ಹಳದಿ ಚುಕ್ಕಿ,
ಒಂದು ಚಮಚ ಮಣ್ಣಿರುವ ಗುಳಿಯಲ್ಲಿ
ಒಂದೇ ಎಲೆಯ ಸಂಸಾರ.

ಅವರದೂ ಒಂದು ಫಾರಂ ಇತ್ತು, ನನ್ನದರಂತೆ ಕಾಲಂಗಳದು.
ಅಪಾಯದ ಅಂಚಿನಲ್ಲಿದೆ, ಅಪಾಯದಲ್ಲಿದೆ, ಘೋರ ಅಪಾಯದಲ್ಲಿದೆ.
ಈ ಹೂವಿಗೆ ಸಿಕ್ಕದ್ದು ಆ ಯಾವ ಮೆಟ್ಟಿಲೂ ಅಲ್ಲ:
ಮಾಹಿತಿ ಸಾಲದು.
'ನಮ್ಮಲ್ಲೂ ಐತ್ರಿ ಅದು' ಅಂದೆ,
'ನಾವು ಪರಿಶೀಲನೆಯಲ್ಲಿದೆ ಅಂತೀವಿ.'
ನಕ್ಕರು, ಎಣಿಕೆ ತಪ್ಪದಂತೆ
ಬೆರಳನ್ನು ನೂರಾ ಒಂಬತ್ತರ ಮೇಲೇ ಇಟ್ಟುಕೊಂಡು.

ಹೋದ ವರ್ಷ ಇನ್ನೂರಾ ಹನ್ನೆರಡು.
ಅದರ ಹಿಂದಿನ ವರ್ಷ ಸೊನ್ನೆ.
ಅದಕ್ಕೂ ಹಿಂದೆ ಎಣಿಸಿ ಎಣಿಸಿ ಕತ್ತಲಾಗಿ
ಟಾರ್ಚಿನ ಸೆಲ್ಲು ಮುಗಿದಿತ್ತಂತೆ.
'ಇಳಿದೈತಿ ಅಂತ ಬರೀಲ್ಯೊ, ಏರೈತಿ ಅಂತ ಬರೀಲ್ಯೊ?
ಮಳಿ ತಪ್ಪಿದ ವರ್ಷ ಇದು ಸಾಯೂದಿಲ್ರಿ,
ಏಳೂದಿಲ್ಲ, ಅಷ್ಟ.
ಬೀಜಕ್ಕ ಈ ಫಾರಂನ್ಯಾಗ ಮನಿ ಇಲ್ಲ.'

ಆಡು ಮೇಯಿಸುವ ಬೀರವ್ವ ಕೋಲೂರಿ ನಿಂತು ಕೇಳುತ್ತಿದ್ದಳು.
'ಅದಾ? ಹುಸಿನಗಿ.
ಹನ್ನೆಡ್ಡು ದಿನ ನಕ್ಕು ಮಾರಿ ಮುಚಗೋತೈತಿ.
ಆಡೂ ತಿನ್ನೂದಿಲ್ಲ, ನಾಲಿಗಿಗೆ ಹತ್ತೂದಿಲ್ಲ ಅಷ್ಟ್ ಸಣ್ಣದು.
ಆ ಮಗ್ಗಲ ಬಂಡಿ ಮ್ಯಾಲೆ ಇದರ ಹತ್ತು ಪಟ್ಟು ಇತ್ತು.'
ಮೇಡಂ ಪೆನ್ನು ತೆರೆದರು: ಯಾವ ಬಂಡೆ?
ಬೀರವ್ವ ಕೋಲಿನಿಂದ ಗಾಳಿಯನ್ನು ತೋರಿಸಿದಳು.
ಅಲ್ಲಿ ಹಸಿರು ನೀರು ತುಂಬಿದ ಹೊಂಡ,
ಒಂದು ತುಕ್ಕು ಹಿಡಿದ ಕ್ರೇನು.

ಅದು ಎಲ್ಲಿದೆ ಎಂದು ನನಗೆ ಗೊತ್ತು.
ಬಾಗಲಕೋಟೆಯ ನವನಗರದಲ್ಲಿ, ನನ್ನ ಮನೆಯ ಪಡಸಾಲೆಯಲ್ಲಿ,
ಎರಡಡಿ ಉದ್ದ, ಎರಡಡಿ ಅಗಲ,
ಚೌಕಾಸಿ ಮಾಡಿ ತಂದದ್ದು.
ಅವರಿಗೆ ಹೇಳಲಿಲ್ಲ.
ರಾತ್ರಿ ಹಾಸುಗಲ್ಲಿನ ಸಂದಿಗೆ ಟಾರ್ಚು ಬಿಟ್ಟೆ.
ಸಿಮೆಂಟು, ಒಂದು ಇರುವೆ,
ಮಗಳು ಎಂದೋ ಕಳಕೊಂಡ ಕಿವಿಯೋಲೆಯ ತಿರುಪು.

ವರದಿಯಲ್ಲಿ ಗೀಟನ್ನು ಅಳಿಸಲು ಬರುವುದಿಲ್ಲ, ಮಸಿಯದು.
ಪಕ್ಕದಲ್ಲಿ ಸಣ್ಣಗೆ ಬರೆದೆ:
ಬೆಳೆ ಇದೆ. ಹನ್ನೆರಡು ದಿನ.
ಫೈಲು ಮೂರು ಮೇಜು ಹತ್ತಿ ಇಳಿದು
ಹಸಿರು ಷರಾ ಹೊತ್ತು ಬಂತು:
ಮಾಹಿತಿ ಸಾಲದು. ಮರು ಅಳತೆ ಮಾಡಿ.

ಮತ್ತೆ ಏಪ್ರಿಲ್. ಬಂಡೆ ಕಾದ ಹಂಚು.
ಸರಪಳಿಯ ತುದಿ ಯಲಗೂರಪ್ಪನ ಕೈಗೆ ಕೊಟ್ಟು
'ನೋಡಿ ಹೆಜ್ಜಿ ಇಡೊ' ಅಂದೆ.
ಅವನು ಕಾಲ ಸುತ್ತ ಕಣ್ಣಾಡಿಸಿದ.
'ಏನ್ ನೋಡ್ಲ್ರಿ ಸಾಹೇಬ್ರ?
ಏನೂ ಇಲ್ಲಲ್ರಿ ಇಲ್ಲಿ.'