ನಾಲ್ಕನೆಯ ಮಡಿಕೆ

ತೀನ್ ಕಂದೀಲಿನ ಹಿಂದಿನ ಗಲ್ಲಿ, ತಗಡಿನ ಶೆಡ್ಡು.
ಏಪ್ರಿಲ್ಲಿನ ರಾಯಚೂರು, ಒಳಗೂ ಹೊರಗೂ ಒಂದೇ ಕಾವು.
ಮಷೀನು ಚಾಲೂ ಆಗುವ ಮೊದಲು
ಕಾಗದದ ದಿಂಡಿಗೆ ತೊಯ್ದ ಗೋಣಿ ಹೊದಿಸುತ್ತಾಳೆ ಖಾಜಾಬನಿ:
‘ನೀರಡಿಸಿದ ಹಾಳೆ ಮಡಿಚಿದರ
ಕಟಿ ರೊಟ್ಟಿ ಮುರಿದಂಗ ಮುರೀತದ.’

ನಾನು ಎಣ್ಣೆ ಬಿಡುತ್ತೇನೆ.
ಪಟ್ಟಿ ಬಿಗಿಯುತ್ತದೆ, ಗಾಲಿ ಎದ್ದು ತಿರುಗುತ್ತದೆ.
ರಬ್ಬರಿನ ತುಟಿ ಒಂದೊಂದೇ ಹಾಳೆ ಹೀರಿ ಎತ್ತಿ
ಎಡಕಿವಿ ಮಡಿಚಿ, ಬಲಕಿವಿ ಮಡಿಚಿ,
ಅಂಟು ಸವರಿ, ಬುಡ ಎತ್ತಿ ಕೂರಿಸಿ—
ಚಟ್ ಪಟ್ ಸೊಂಯ್, ಚಟ್ ಪಟ್ ಸೊಂಯ್—
ಕೂಸಿಗೆ ಬಟ್ಟೆ ಸುತ್ತುವ ಸೂಲಗಿತ್ತಿಗೂ
ಇಷ್ಟು ಅವಸರ ಇರಲಿಕ್ಕಿಲ್ಲ.
ನಾಲ್ಕನೆಯದನ್ನು ಸುಮ್ಮನೆ ಬಾಗಿಸಿ ಬಿಡುತ್ತದೆ.
ಮುಚ್ಚುವುದು ಅದರ ಕೆಲಸ ಅಲ್ಲ.

ಇದು ಬರುವ ಮೊದಲು ಹನ್ನೆರಡು ವರ್ಷ
ಎಮ್ಮೆಕೋಡಿನ ತುಂಡಿನಿಂದ ಗೆರೆ ಒತ್ತಿ ಕೈಯಲ್ಲೇ ಮಡಿಚಿದವಳು,
ಸಾವಿರಕ್ಕೆ ಎಂಟು ರೂಪಾಯಿ.
ಆ ಕೋಡು ಈಗ ಮಷೀನಿನ ಹಿಂಗಾಲಿನ ಕೆಳಗೆ
ಅಲುಗದಂತೆ ಇಟ್ಟ ಬೆಣೆ.

ಗುರುವಾರ ಆಯೇರಿ ಲಕೋಟೆಗಳ ಸರತಿ.
ಅರಿಶಿನ ಬಣ್ಣ, ಮೂಲೆಗೆ ಜರಿ ಗೆರೆ.
ಯಾವಾಗ ಸದ್ದು ಬದಲಾಯಿತೋ ನನಗೆ ತಿಳಿಯಲಿಲ್ಲ,
ಅವಳು ತಲೆ ಎತ್ತಿದಳು. ಅಷ್ಟರಲ್ಲಿ ಮುನ್ನೂರು
ನಾಲ್ಕೂ ಕಿವಿ ಮುಚ್ಚಿಕೊಂಡು ಬಿದ್ದಿದ್ದವು.

ಪಂಪಣ್ಣ ಸಾವಕಾರ್ರು ಹಣೆ ಬಡಿದುಕೊಂಡರು.
‘ಖಾಲಿ ಆಯೇರಿ ಕೊಡೋ ಮಂದಿ ಊರಾಗ ಕಡಿಮಿ ಅದಾರೇನ್ರಿ,
ಅವರಿಗೇ ಮಾರ್ರಿ’ ಅಂದಳು ಖಾಜಾಬನಿ.
ಯಾರೂ ನಗಲಿಲ್ಲ. ಆಮೇಲೆ ಸಾವಕಾರ್ರೇ ನಕ್ಕರು.

ಮುನ್ನೂರನ್ನೂ ಗೋಣಿಯ ಕೆಳಗೆ ಮಲಗಿಸಿದಳು.
‘ಕೋಡು ತೆಗಿ’ ಅಂದಳು ನನಗೆ.
ಮಷೀನು ಎತ್ತಿ ಹಿಡಿದು ಎಳೆದೆ.
ಒಂದು ಮಗ್ಗುಲು ಸವೆದು ಹುಣಸೆ ಬೀಜದಷ್ಟು ತೆಳ್ಳಗಾಗಿತ್ತು.
ವಾಲಿದ್ದು ಅಲ್ಲಿಂದ.
ಅದೇ ಸವೆದ ತುದಿ ಮೆತ್ತಗಾದ ಅಂಟಿನ ಕೆಳಗೆ ತೂರಿಸಿ
ಸಂಜೆಯ ತನಕ ಒಂದೊಂದೇ ಬಿಡಿಸಿದಳು, ಜರಿ ಕೆಡದಂತೆ.
ಕತ್ತಲಾದ ಮೇಲೆ ಕೋಡು ತಿರುವಿ
ದಪ್ಪ ಮಗ್ಗುಲು ಮೇಲಾಗಿ ಕಾಲಡಿ ತುರುಕಿದಳು.

ಇನ್ನೂರಾ ತೊಂಬತ್ತೊಂಬತ್ತು ಎಣಿಕೆ.
ಒಂದನ್ನು ನಾನು ಬಿಡಿಸಲು ಕೊಟ್ಟಿರಲಿಲ್ಲ.
ಅಂಗಿ ಕಿಸೆಯಲ್ಲಿ ಇದೆ, ಬೆವರಿಗೆ ಸ್ವಲ್ಪ ಬಣ್ಣ ಬಿಟ್ಟಿದೆ.
ಏನಿಲ್ಲ ಒಳಗೆ.
ಇದ್ದರೆ ಆ ಗುರುವಾರದ ಶೆಡ್ಡಿನ ಗಾಳಿ,
ಸೀಮೆಎಣ್ಣೆ ವಾಸನೆಯದು,
ಒಂದು ಚಿಟಿಕೆ.