ಇನ್ನೊಂದು ಬಿಸಿಲು

ಕಾಗದದಲ್ಲಿ ಎರಡೇ ಸಾಲು.
ನಿಮ್ಮ ಪ್ರೊಬೇಷನ್ ಅವಧಿಯನ್ನು
ಇನ್ನೂ ಮೂರು ತಿಂಗಳು ವಿಸ್ತರಿಸಲಾಗಿದೆ.
ವಿಸ್ತರಿಸಿದವರು ಯಾರು ಎಂಬುದು
ಆ ‘ಲಾಗಿದೆ’ಯ ಒಳಗೆ ಅವಿತು ಕೂತಿದೆ.

ಕೂಡ್ಲೂರಿನ ಕಾಫಿ ಕ್ಯೂರಿಂಗ್ ವರ್ಕ್ಸು,
ರುಚಿ ನೋಡುವ ಕೋಣೆ, ಉದ್ದನೆಯ ಬಿಳಿ ಮೇಜು,
ಸಾಲಾಗಿ ಇಟ್ಟ ಐದೈದು ಬಟ್ಟಲು.
ಚಮಚದಲ್ಲಿ ಸುರ್ರೆಂದು ಎಳೆಯಬೇಕು,
ನಾಲಿಗೆಯ ಮೇಲೆ ಒಂದು ಗಳಿಗೆ ನಿಲ್ಲಿಸಬೇಕು,
ಉಗುಳಬೇಕು.
ನುಂಗುವಂತಿಲ್ಲ.
ಆಗಸ್ಟಿನಿಂದ ಫೆಬ್ರವರಿಯವರೆಗೆ
ನಾನು ಕಲಿತದ್ದು ಇಷ್ಟು.

ಅಲ್ಲ, ಇನ್ನೊಂದು ಕಲಿತೆ:
ಪೂಣಚ್ಚ ಸಾರ್ ಎಪ್ಪತ್ತೆಂಟು ಅಂದರೆ
ನನ್ನ ಹಾಳೆಯಲ್ಲಿ ಎಪ್ಪತ್ತೇಳೂವರೆ.
ಅವರ ಹುಬ್ಬು ನೋಡಿ ಹುಳಿ,
ಅವರ ಮೌನ ನೋಡಿ ಕಹಿ.
ಪೂರ್ತಿ ಅದನ್ನೇ ಬರೆದರೆ ನಕಲು ಅನ್ನಿಸೀತೆಂದು
ಅರ್ಧ ಅಂಕದ ಸ್ವಾಭಿಮಾನ.

ಹುತ್ತರಿಗೆ ರಜೆ ಕೇಳಲಿಲ್ಲ.
ಕದಿರು ತೆಗೆದ ರಾತ್ರಿ ಊರಿನ ಕೋವಿ ಸದ್ದನ್ನು
ಫೋನಿನಲ್ಲಿ ಕೇಳಿಸಿಕೊಂಡು
ಬಾಡಿಗೆ ಕೋಣೆಯಲ್ಲಿ ಚಪಾತಿ ತಿಂದೆ.
ಜ್ವರ ಬಂದ ವಾರ ನಾಲಿಗೆ ಸತ್ತಿತ್ತು,
ಆದರೂ ಹೋದೆ, ಅಂಕ ಕೊಟ್ಟೆ.
ಯಾರಿಗೂ ತಿಳಿಯಲಿಲ್ಲ.
ಹೆದರಿಸಿದ್ದು ಅದೇ.

ಖಾಯಂ ಆದವರ ಕುತ್ತಿಗೆಯಲ್ಲಿ ನೀಲಿ ಪಟ್ಟಿ.
ನನ್ನದು ಹಳದಿ, ಬಸ್ಸು ಹತ್ತಿದರೆ ಚೀಲದೊಳಗೆ.
ನನ್ನ ಲೋಟವನ್ನು ದಿನಾ ಕೋಣೆಗೆ ಒಯ್ಯುತ್ತೇನೆ,
ಕಪಾಟಿನಲ್ಲಿ ಬಿಟ್ಟರೆ
ಹಕ್ಕು ಸಾಧಿಸಿದಂತೆ ಕಂಡೀತೆಂದು.

‘ಆಯ್ತಾ?’ ಕೇಳುತ್ತಾರೆ ಮನೆ ಯಜಮಾನಿ ನಬೀಸಾ.
‘ಆಯ್ತಾ?’ ಸೊಸೈಟಿಯ ಗುಮಾಸ್ತ,
ಸ್ಕೂಟಿ ಸಾಲದ ಅರ್ಜಿಯ ಮೇಲೆ ಬೆರಳಿಟ್ಟು.
‘ಆಯ್ತಾ?’ ಪೆರಾಜೆಯಿಂದ ಅವ್ವ.
ಅವ್ವನಿಗೆ ಮಾತ್ರ ಆಯ್ತು ಅಂದುಬಿಟ್ಟೆ.
ಸಂಜೆಯೊಳಗೆ ಐನ್‌ಮನೆಯವರೆಗೂ ಸುದ್ದಿ.
ಈಗ ಪೆರಾಜೆಯಲ್ಲಿ ನಾನು ಖಾಯಂ,
ಕೂಡ್ಲೂರಿನಲ್ಲಷ್ಟೇ ಅಲ್ಲ.
ಹರಕೆ ತೀರಿಸಿ ಅವ್ವ ಕಳಿಸಿದ ಪಂಚಕಜ್ಜಾಯ
ಡಬ್ಬಿಯಲ್ಲಿ ಹಾಗೇ ಇದೆ.
ಇರುವೆಗಳಿಗೆ ಅಂಥ ಸಂಕೋಚವೇನಿಲ್ಲ.

ಹೊರಗೆ ಕಣದಲ್ಲಿ ಚೋಮಿ ಕಾಫಿ ಕೆದರುತ್ತಾಳೆ.
ಒಂದು ಬೀಜ ಹಲ್ಲಿಗಿಟ್ಟು ಕಚ್ಚಿ
‘ಇನ್ನೊಂದು ಬಿಸಿಲು ಬೇಕು’ ಅನ್ನುತ್ತಾಳೆ.
ತೇವದ ಮಾಪಕ ಹೇಳುವುದೂ ಅದನ್ನೇ, ಹದಿಮೂರು ಚಿಲ್ಲರೆ.
ಹೋಲಿಕೆ ನನಗೂ ಹೊಳೆಯಿತು,
ಹೊಳೆದದ್ದಕ್ಕೆ ನಾಚಿಕೆಯಾಯಿತು:
ಬೀಜಕ್ಕೆ ಐದನೇ ತಾರೀಕಿನ ಬಾಡಿಗೆಯಿಲ್ಲ,
ಇನ್ನೂ ಹಸಿ ಇದ್ದೀಯೆಂದು
ಅದಕ್ಕೆ ಯಾರೂ ಕಾಗದ ಬರೆಯುವುದಿಲ್ಲ.

ಊಟದ ಹೊತ್ತು, ಗೋದಾಮಿನ ನೆರಳಲ್ಲಿ
ಚೋಮಿಯೇ ಕೇಳಿದಳು, ‘ಅದೇನು ನಿಂದು, ಪ್ರೊಬೇಸನು?’
ಇಟ್ಟುಕೊಳ್ಳಬೇಕೋ ಬೇಡವೋ ಅಂತ
ದಿನಾ ನನ್ನ ನೋಡ್ತಾ ಇರ್ತಾರೆ, ಅಂದೆ.
ಎಲೆಗೆ ಸುಣ್ಣ ಸವರುತ್ತಿದ್ದವಳು ಕೈ ನಿಲ್ಲಿಸಿದಳು.
‘ಹದಿನೆಂಟು ವರ್ಷ ಆಯ್ತು ನಂಗೆ ಇಲ್ಲಿ.
ನನ್ನ ಯಾರೂ ನೋಡೇ ಇಲ್ವಲ್ಲ.’
ನಕ್ಕಳು. ನಗಬೇಕೋ ಬೇಡವೋ ತಿಳಿಯದೆ
ಹಳದಿ ಪಟ್ಟಿಯನ್ನು ಬೆರಳಿಗೆ ಸುತ್ತಿದೆ, ಬಿಚ್ಚಿದೆ.

ಮೂರು ಗಂಟೆಯ ಮೇಜು. ನಾಲ್ಕನೇ ಬಟ್ಟಲು.
ಸಾರ್ ಎಂಬತ್ತೊಂದು ಅಂದರು, ‘ಒಳ್ಳೇ ಲಾಟು’.
ನಾನು ಎಳೆದೆ, ನಿಲ್ಲಿಸಿದೆ.
ಮೊದಲು ಕಿತ್ತಳೆಯ ಹುಳಿ,
ಆಮೇಲೆ ಗಂಟಲ ಹತ್ತಿರ, ತೀರಾ ಸಣ್ಣಗೆ,
ಒದ್ದೆ ಗೋಣಿಯ ವಾಸನೆ.
ಇನ್ನೊಮ್ಮೆ ಎಳೆದೆ. ಇತ್ತು.
ಉಗುಳಲು ಮರೆತು ನುಂಗಿದ್ದೆ.

ಎಪ್ಪತ್ತೆರಡು, ಬರೆದೆ.
ಪಕ್ಕದಲ್ಲಿ ‘ಗೋಣಿ’. ಕೆಳಗೆ, ದಮಯಂತಿ.
ಸಾರ್ ಹಾಳೆ ಎತ್ತಿಕೊಂಡು
ಕನ್ನಡಕಕ್ಕೆ ಜೇಬು ತಡಕತೊಡಗಿದರು.
ಲೋಟ ತೊಳೆದೆ. ಕಪಾಟಿನಲ್ಲಿ
ಉಳಿದವರ ಲೋಟಗಳ ಸಾಲಿನಲ್ಲಿ ಕವುಚಿಟ್ಟು
ಐದೂಕಾಲರ ಬಸ್ಸಿಗೆ ಓಡಿದೆ.