ಪ್ರೈಮರ್

ಭದ್ರಾವತಿಯ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ
ತುಕ್ಕು ಕೆರೆದ ಕೈ ಹಾಲಸ್ವಾಮಿಯವರದು.
ಈಗ ಶಂಕರಘಟ್ಟದ ನಮ್ಮ ಲ್ಯಾಬಿನಲ್ಲಿ
ಬೀಕರು ತೊಳೆಯುತ್ತಾ ಓರೆಗಣ್ಣಲ್ಲಿ ನೋಡುತ್ತಾರೆ,
ಐನೂರೈವತ್ತು ಡಿಗ್ರಿಯ ಕುಲುಮೆಯಲ್ಲಿ
ಗಾಜಿನ ಮೇಲೆ ನಾನು ತುಕ್ಕು ಬೆಳೆಸುವುದನ್ನು.

"ನಾವು ಓಡಿಸಿದ್ದನ್ನ ನೀವು ಕರೆದು ಕೂರಿಸ್ತೀರಲ್ಲ ಮೇಡಂ!"

ಕೂರಿಸಬೇಕು, ಈರುಳ್ಳಿ ಪೊರೆಗಿಂತ ತೆಳ್ಳಗೆ.
ದಪ್ಪವಾಯಿತೋ, ಬೆಳಕು ಒಳಗೆ ಎಬ್ಬಿಸಿದ್ದು
ನೀರಿನ ದಡ ಮುಟ್ಟುವ ಮೊದಲೇ ಮಲಗಿಬಿಡುತ್ತದೆ.
ತೆಳುವಾಯಿತೋ, ಬೆಳಕೇ ನಿಲ್ಲದೆ ಹಾದುಹೋಗುತ್ತದೆ.
ಇವೆರಡರ ನಡುವಿನ ಕೂದಲೆಳೆಯಲ್ಲಿ
ನನ್ನ ಎರಡು ವರ್ಷ, ಒಂದು ಫೆಲೋಶಿಪ್.

ಮುಟ್ಟಿದರೂ ದಡದಲ್ಲಿ ತಡವರಿಕೆ.
ನೀರೇನು ಸುಲಭಕ್ಕೆ ಬಿಡುತ್ತದೆಯೇ ತನ್ನ ಗಂಟು?
ಅದಕ್ಕೇ ಕೋಬಾಲ್ಟ್. ಇಪ್ಪತ್ತು ನಿಮಿಷದ ಮುಳುಗು,
ತುಕ್ಕಿನ ಮೈಮೇಲೆ ಕಂಡೂ ಕಾಣದ ಲೇಪ.
ಮದುವೆ ದಲ್ಲಾಳಿಯ ತದ್ವಿರುದ್ಧ:
ಬಿಡಿಸಿ, ಕಮಿಷನ್ನೂ ಕೇಳದೆ,
ಮುಂದಿನ ಜೋಡಿಗೆ ಕಾಯುವುದು.

ಮೊನ್ನೆ ಮೋಡ ಸರಿದು ಟೆರೇಸಿನ ಮೇಲೆ
ಹನ್ನೊಂದರ ಬಿಸಿಲು, ಹಿನ್ನೀರಿನ ಕಡೆಯ ಗಾಳಿ.
(ಸೂರ್ಯನೊಬ್ಬನಿಗೇ ಆಗದು, ಬ್ಯಾಟರಿಯ ಕೈಯಾಸರೆ ಬೇಕು,
ಅದನ್ನೂ ಹೇಳಿಬಿಡುತ್ತೇನೆ.)
ಬರೀ ತುಕ್ಕಿಗೆ ಅರ್ಧ ಮಿಲಿಆಂಪ್.
ಲೇಪ ಹಚ್ಚಿದ್ದಕ್ಕೆ ಒಂದಕ್ಕೆ ತುಸು ಕಡಿಮೆ.
ಆಚೆ ತಂತಿಯ ತುದಿಯಲ್ಲಿ ಗುಳ್ಳೆಗಳು,
ಸಾಸಿವೆಗಿಂತ ಸಣ್ಣವು, ಒಂದರ ಹಿಂದೊಂದು ಅವಸರದಲ್ಲಿ.
ಹಾಲಸ್ವಾಮಿ ಕನ್ನಡಕ ಏರಿಸಿ ಬಗ್ಗಿದರು.
"ಇದು ಉರಿಯುತ್ತಾ?"
ಉರಿಯುತ್ತೆ. ಉರಿದು ಮತ್ತೆ ನೀರಾಗುತ್ತೆ.
ಬಹಳ ಹೊತ್ತು ಅವರು ಮಾತಾಡಲಿಲ್ಲ.

ಎರಡೂವರೆಗೆ ಮೀಟರಿನ ಅಂಕಿ ಇಳಿಯತೊಡಗಿತು.
ಕೋಬಾಲ್ಟ್ ಕಳಚಿ ತಳದಲ್ಲಿ ಚಿಟಿಕೆ ಮಸಿ.
ಎಂಥ ಹೇಳುವುದು ಗೈಡಿಗೆ?

"ಪ್ರೈಮರ್ ಹೊಡೆದಿದ್ರಾ?" ಅಂದರು ಹಾಲಸ್ವಾಮಿ.
"ಹೊಡೀದೆ ಬಣ್ಣ ಬಳಿದ್ರೆ ಒಂದೇ ಮಳೆಗೆ ಸಿಪ್ಪೆ ಏಳುತ್ತೆ.
ಹಿಡ್ಕೊಳ್ಳಕ್ಕೆ ಅದಕ್ಕೂ ಏನಾದ್ರೂ ಬೇಕಲ್ಲ."

ನಗಲು ಹೊರಟವಳು ನಿಂತೆ.
ನೋಟ್‌ಬುಕ್ಕಿನ ನೂರ ಹದಿನಾಲ್ಕನೇ ಪುಟ:
ಕೋಬಾಲ್ಟಿಗೆ ಮುಂಚೆ ಇನ್ನೊಂದು ತೆಳು ಪದರ.
ಟೈಟೇನಿಯಂ? ಅಲ್ಯೂಮಿನಿಯಂ?
ಸಲಹೆ: ಹಾಲಸ್ವಾಮಿ ಟಿ., ಅಟೆಂಡರ್.

ತಲೆಯೆತ್ತಿದರೆ ಅವರು ಸಿಂಕಿನ ಬಳಿ,
ನಾಳೆಗೆಂದು ಇಟ್ಟಿದ್ದ ಗಾಜಿನ ಚೂರನ್ನು
ಹಳೇ ಅಭ್ಯಾಸದಲ್ಲಿ ಉಗುರಿನಿಂದ ಕೆರೆಯುತ್ತಾ.
"ಅದನ್ನಲ್ಲ, ಅದನ್ನಲ್ಲ!" ಅಂತ ಓಡಿದೆ.